ಖಾಲಿ ಕೊಂಡಿ

ಹಳದಿ ಏನೋ ಬಿತ್ತು, ಹೂವೋ ಎಲೆಯೋ, ಕಾಲ ಹತ್ತಿರ ಬಂದು ಅಲ್ಲೇ ಕಲಸಿಹೋಯಿತು — ಕಣ್ಣಿಗೆ ಹನಿ ಹಾಕಿದ್ದಾರಲ್ಲ, ಸ್ವಲ್ಪ ಹೊತ್ತು ಮಬ್ಬಮಬ್ಬ ಕಾಣತೈತಿ, ಬಿಸಲಿಗೆ ನೋಡಬ್ಯಾಡ್ರಿ ಅಜ್ಜಿ ಅಂದಿದ್ದಳು ನರ್ಸು, ಅಜ್ಜಿಯಂತೆ, ಯಾರಿಗೆ ಅಜ್ಜಿ, ರತ್ನಾಬಾಯಿಗೆ ನಗು ಬಂದು ಅರ್ಧಕ್ಕೇ ನಿಂತಿತು. ದವಾಖಾನೆಯೊಳಗೆ ಕಾಲಿಡಲು ಜಾಗವಿಲ್ಲವೆಂದು ಸೊಸೆ ಸುಮಾ ರಸ್ತೆ ದಾಟಿಸಿ ಈ ಹಳೆಯ ತೋಟದ ಕಲ್ಲುಬೆಂಚಿನ ಮೇಲೆ ಕೂಡ್ರಿಸಿ ಹೋಗಿದ್ದಾಳೆ, ಇಲ್ಲೇ ಕುಂದರ್ರಿ ಅತ್ತಿ, ನಂಬರ್ ಬಂದ್ರ ಕರೀತೇನಿ — ಬ್ರಿಟಿಷರ ಕಾಲದ್ದಂತೆ ಈ ತೋಟ, ಕಮಾನಿನ ಮೇಲೆ ಕಲ್ಲಿನಲ್ಲಿ ಕೊರೆದ ಇಂಗ್ಲಿಷ್ ಅಕ್ಷರ, ಲಗ್ನವಾದ ವರ್ಷ ಸೋಮಲಿಂಗ ಇಲ್ಲೇ ನಿಲ್ಲಿಸಿ ಗಟ್ಟಿಯಾಗಿ ಓದಿ ಹೇಳಿದ್ದ, ಅರ್ಧ ಸುಳ್ಳೇ ಓದಿರಬೇಕು, ಗಂಡನೆಂಬ ಗಂಡನಿಗೆ ಇಂಗ್ಲಿಷ್ ಎಲ್ಲಿ ಬರುತ್ತಿತ್ತು, ಪಾಪ, ಈಗಿಲ್ಲ, ಕೇಳುವಂತೆಯೂ ಇಲ್ಲ. ಆಗ ಕಾರಂಜಿಯಲ್ಲಿ ನೀರಿತ್ತು. ಈಗ ಅದರ ಕಟ್ಟೆಯ ಮೇಲೆ ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಾರೆ, ಸುತ್ತಲೂ ಕಬ್ಬಿಣದ ಸರಪಳಿ, ಅದರ ಕೊಂಡಿ ಬೇರೆಬೇರೆಯಾಗಿ ಕಾಣಬೇಕು, ಕಾಣುತ್ತಿಲ್ಲ, ಒಂದೇ ಕರಿ ಗೆರೆ, ಹನಿಯಿಂದಲೇ ಇರಬೇಕು — ಹನಿ ಹಾಕುವ ಮೊದಲು ಕಾಣುತ್ತಿತ್ತೇ? ಇಲ್ಲ.

ಆಪರೇಶನ್ ಅಂದರೆ ಆಗಲಿ, ಊರ ಮಂದಿಯೆಲ್ಲ ಮಾಡಿಸಿಕೊಳ್ಳುತ್ತಾರೆ, ಆದರೆ ಡಾಕ್ಟರು ಇದು ಪೊರೆಯಲ್ಲ ಕಣ್ಣಿನ ನರದ್ದು, ಇನ್ನ ಸಣ್ಣ ಕೆಲಸ ಬಿಡ್ರಿ ಅಂದುಬಿಟ್ಟರೆ — ಇಳಕಲ್ಲಿನ ಮನೆಯಲ್ಲಿ ಕೊಂಡಿ ಹಾಕುವ ಕೈ ಅವಳದು, ಸೀರೆಯ ಒಡಲಿನ ಎಳೆಯ ಕುಣಿಕೆಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಬೇಕು, ಒಂದೊಂದಾಗಿ, ಒಂದೂ ಬಿಡದಂತೆ, ಆಮೇಲೆ ಮಗ್ಗದ ಸದ್ದು. ಚಿಕ್ಕವಳಿದ್ದಾಗ ಒಂದು ಬಿಟ್ಟಿದ್ದಕ್ಕೆ ಅವ್ವ ಕೈ ಮೇಲೆ ಫಟ್ಟೆಂದು ಕೊಟ್ಟಿದ್ದಳು, ಖಾಲಿ ಕೊಂಡಿ ಸುಮ್ಮನಿರೂದಿಲ್ಲಬೇ, ಇವತ್ತಲ್ಲ ನಾಳಿ ಬಾಯಿ ಬಿಡತೈತಿ. ಆಮೇಲೆ ಬಿಟ್ಟಿದ್ದಿಲ್ಲ. ರತ್ನಾಬಾಯಿ ಕೊಂಡಿ ಅಂದ್ರ ಕಣ್ಣ ಮುಚ್ಚಿ ತಗೋರಿ ಅನ್ನುತ್ತಿದ್ದರು ಅಂಗಡಿಯವರು. ಆ ಕೆಲಸ ಹೋದರೆ ಉಳಿಯುವುದು ಮೂಲೆಯಲ್ಲಿ ಕುಂತು ಬಳ್ಳೊಳ್ಳಿ ಸುಲಿಯುವುದು, ಹೆದರಿಕೆಯಾಗುತ್ತದೆ, ಸುಳ್ಳ್ಯಾಕೆ. ಸುಮಾ ಕಲಿತಿದ್ದಾಳೆ, ಕೈ ನಿಧಾನ, ಅತ್ತಿಗೊಂದು ಕಾಲ ಸೊಸಿಗೊಂದು ಕಾಲ, ಒಳ್ಳೆಯವಳೇ, ತಲಿ ನೋಯ್ತೈತಿ ಅಂತೀರಲ್ಲ, ಚಸ್ಮಾ ಬದಲಿ ಮಾಡಿಸ್ಕೊಂಡ ಬರೂಣು ಎಂದು ಕರೆತಂದವಳೂ ಅವಳೇ, ದೀಪಾವಳಿಗೆ ಮಗ್ಗದಿಂದ ಇಳಿಸಿದ ಸೀರೆಯನ್ನು ಅಂಗಡಿಗೆ ಕಳಿಸದೆ ಉಡಿಯಲ್ಲಿಟ್ಟವಳೂ ಅವಳೇ, ಊರ ಮಂದಿಗೆಲ್ಲಾ ಉಡಸ್ತೀರಿ, ಇದೊಂದು ನೀವ ಉಟ್ಕೋರಿ ಅತ್ತಿ. ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದಿದ್ದಳು, ನಮ್ಮ ಸೊಸಿ ಕೊಟ್ಟಾಳ ನೋಡ್ರಿ. ಬಾಗಲಕೋಟೆಗೆಂದು ಇವತ್ತೂ ಅದನ್ನೇ ಉಟ್ಟಿದ್ದಾಳೆ.

ಗಾಳಿ ಬಂತು, ಸೆರಗು ಹಾರಿತು, ಎಳೆದು ಮಡಿಲಲ್ಲಿ ಹಿಡಿದಳು, ಹೆಬ್ಬೆರಳಿನ ಉಗುರು ಒಡಲು ಸೆರಗು ಕೂಡುವ ಸಾಲಿನ ಮೇಲೆ ತಾನೇ ಓಡತೊಡಗಿತು, ಹಳೆಯ ಚಾಳಿ, ಇದಕ್ಕೆ ಕಣ್ಣು ಬೇಕಿಲ್ಲ, ಕೊಂಡಿ, ಕೊಂಡಿ, ಕೊಂಡಿ — ತಡೆಯಿತು. ಹಿಂದೆ ಬಂದು ಮತ್ತೆ ಓಡಿಸಿದಳು. ಸಾಸಿವೆಯಷ್ಟು ಗಂಟು, ಕೊಂಡಿಯದಲ್ಲ, ಸೂಜಿಯದು, ಯಾರೋ ಕಾಣದಂತೆ ಹೊಲಿದದ್ದು, ಅಷ್ಟು ಸಣ್ಣ ಹೊಲಿಗೆ ಮನೆಯಲ್ಲಿ ಸುಮಾಳದೊಂದೇ, ಗಂಟಿನ ಕೆಳಗೆ ಕುಣಿಕೆ, ಕುಣಿಕೆಯೊಳಗೆ ಏನೂ ಇಲ್ಲ, ತಾನೇ ಬಿಟ್ಟ ಕೊಂಡಿ. ದೀಪಾವಳಿಯಿಂದ ಸುಮಾಳಿಗೆ ಗೊತ್ತಿತ್ತು ಹಾಗಾದರೆ. ಅದಕ್ಕೇ ಅಂಗಡಿಗೆ ಕಳಿಸಲಿಲ್ಲ. ಅದಕ್ಕೇ ಚಸ್ಮಾ. ಅಯ್ಯ ಶಿವನೇ, ಓಣಿಯಲ್ಲೆಲ್ಲ ತೋರಿಸಿದೆನಲ್ಲ — ಅತ್ತೀ, ಬರ್ರಿ, ಡಾಕ್ಟರ್ ಕರೀಲಿಕ್ಕತ್ತಾರ, ಕಮಾನಿನ ಕೆಳಗೊಂದು ಮಬ್ಬು ಕೈ ಬೀಸುತ್ತಿದೆ, ಬಂದೆ ಅನ್ನಬೇಕು, ಏಳಬೇಕು, ಡಾಕ್ಟರು ಇನ್ನೇನು ಹೇಳುವುದುಳಿದಿದೆ, ಉಗುರಿನಡಿ ಸೊಸೆಯ ಸಣ್ಣ ಗಂಟು, ಅದರಡಿ ಖಾಲಿ ಕೊಂಡಿ, ಖಾಲಿ ಕೊಂಡಿ.