ತಲೆಕೆಳಗಾದ ಮೂರು ಕಡ್ಡಿ

ಮೂರನೆಯ ಕಡ್ಡಿಯನ್ನೂ ಅವಳು ಪ್ರಯೋಗಾಲಯದ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದನ್ನೂ ಯಂತ್ರಕ್ಕೆ ತಲೆಕೆಳಗಾಗಿಯೇ ಸಿಕ್ಕಿಸಿದ್ದಳು. ಕಿರುಬೆರಳುದ್ದದ ಅಲ್ಯೂಮಿನಿಯಂ ಮಿಶ್ರಲೋಹದ ಕಡ್ಡಿ. ಒಂದು ತುದಿಯನ್ನು ಲೇಸರ್‌ನಿಂದ ಕರಗಿಸಿ ಗಟ್ಟಿ ಮಾಡಿರುತ್ತಾರೆ, ಇನ್ನೊಂದು ಹಾಗೇ ಮೆತ್ತಗೆ. ಗಟ್ಟಿ ತುದಿಯನ್ನು ತಿರುಗುವ ಉಕ್ಕಿನ ತಟ್ಟೆಗೆ ಉಜ್ಜಿ, ಎಷ್ಟು ಸವೆಯಿತೆಂದು ತೂಗುವುದು ಅವಳ ಕೆಲಸ. ಅವಳು ಉಜ್ಜಿದ್ದು ಮೆತ್ತನೆಯ ತುದಿಯನ್ನು. ಲೇಸರ್ ತುದಿಯಲ್ಲಿ ಒಂದು ಗೀರೂ ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ಇಂಥ ತಪ್ಪು ಮಾಡಿದವಳಲ್ಲ. ಎದೆ ಧಸಕ್ಕೆನ್ನಬೇಕಿತ್ತು, ಏನೂ ಆಗಲಿಲ್ಲ. ಅಮ್ಮ ಹೋದಾಗಿನಿಂದ ಯಾವುದೂ ತಾಗುತ್ತಿರಲಿಲ್ಲ. ಊಟ ಆಯಿತಾ ಎಂದು ಗಂಡ ಕೇಳಿದರೆ ತಟ್ಟೆ ನೋಡಿಕೊಂಡು ಉತ್ತರ ಹೇಳುತ್ತಿದ್ದಳು.

ಲೇಸರ್ ಹಾಕಿಯೂ ಸವೆತ ಕಡಿಮೆಯಾಗಿಲ್ಲ ಎಂದು ಅವಳೇ ಕೊಟ್ಟ ವರದಿಯಿಂದ ನಾಳೆ ಲೇಸರ್ ಕೋಣೆಗೆ ಬೀಗ ಬೀಳಲಿತ್ತು. ಆ ಕೋಣೆಯವನನ್ನು ಎಲ್ಲರೂ ತಮಾಷೆಗೆ ಬೆಳಕಪ್ಪ ಅನ್ನುತ್ತಿದ್ದರು. ನಾಲ್ಕು ವರ್ಷ ಅದೇ ಯಂತ್ರದ ಮುಂದೆ ಕೂತು ತಲೆ ನರೆಸಿಕೊಂಡವನು. ಅವಳು ಕಡ್ಡಿಗಳನ್ನು ಹಿಡಿದು ಅಲ್ಲಿಗೆ ಹೋದಾಗ ಅವನು ಕಪಾಟು ಖಾಲಿ ಮಾಡುತ್ತಿದ್ದ.

"ಸರ್, ಲೇಸರ್ ಸರಿಯಾಗೇ ಇದೆ. ನಾನೇ ಕಡ್ಡೀನ ಉಲ್ಟಾ ಸಿಕ್ಕಿಸಿದೀನಿ. ಮೂರನ್ನೂ."

ಅವನು ಒಂದು ಕಡ್ಡಿಯ ಲೇಸರ್ ತುದಿಗೆ ಉಗುರು ಆಡಿಸಿ ನೋಡಿದ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗನಿಸಿತು.

"ಯಾವತ್ತು ಮಾಡಿದ್ದು?"

ತಾರೀಖು ಹೇಳಿದಳು. ಅದರ ಹಿಂದಿನ ದಿನ ಅಮ್ಮನ ಮಣ್ಣಿಗೆ ಅವನೂ ಬಂದಿದ್ದ.

"ಮಾರನೇ ದಿನಾನೇ ಕೆಲಸಕ್ಕೆ ಬಂದ್ಬಿಟ್ರಾ? ಬರೋಕೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಮನೇಲಿ ಅಮ್ಮನ ಖಾಲಿ ಮಂಚ ಇತ್ತು."

ಅವನು ಕಡ್ಡಿ ಹಿಡಿದು ಅವಳ ಯಂತ್ರದತ್ತ ನಡೆದ. ಇಬ್ಬರೂ ಸೇರಿ ಒಂದು ಕಡ್ಡಿಯನ್ನು ಸರಿಯಾಗಿ ಕೂರಿಸಿದರು. ಒಂದು ಗಂಟೆ ತಟ್ಟೆ ತಿರುಗಿತು. ತೂಗಿದರೆ, ಮೊದಲಿನ ಸವೆತದ ಕಾಲುಭಾಗವೂ ಇಲ್ಲ.

"ಬೀಗ ತರೋರಿಗೆ ರಜ ಕೊಡ್ಬೇಕು," ಎಂದ ಬೆಳಕಪ್ಪ. ಆಮೇಲೆ ದನಿ ತಗ್ಗಿಸಿ, "ಲೇಸರ್ ಹಾಕಿದ ತುದಿಗೆ ಗುರುತು ಹಾಕೋದು ನಾನೇ ಮರೆತೆ ಅಂತ ಹೇಳ್ತೀನಿ. ನೀವು ಸುಮ್ನಿರಿ."

"ಬೇಡ ಸರ್. ನಾನೇ ಬರೀತೀನಿ."

ತಿದ್ದುಪಡಿಯ ಫಾರಂ ತಂದು ಬರೆಯತೊಡಗಿದಳು. ಕಡ್ಡಿಗಳ ಸಂಖ್ಯೆ, ಆದ ತಪ್ಪು, ಹೊಸ ತೂಕ. ಕೊನೆಗೆ ತಪ್ಪಿಗೆ ಕಾರಣ ಎಂಬಲ್ಲಿ, ಅದೇ ಕೈಬರಹದಲ್ಲಿ, ಹಿಂದಿನ ದಿನ ನನ್ನ ತಾಯಿ ತೀರಿಕೊಂಡಿದ್ದರು ಎಂದು ಬರೆದಳು.

ಅಮ್ಮ ಹೋದ ದಿನ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದು ಗಂಡ. ಅವಳು ಆ ಮಾತನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಇನ್ನೊಮ್ಮೆ ಓದಿದಳು. ಸಹಿಯ ಜಾಗದಲ್ಲಿ ಪೆನ್ನು ಊರಿದ ಕೈ ಅಲ್ಲೇ ನಿಂತಿತು. ಬೆಳಕಪ್ಪ ಸದ್ದಿಲ್ಲದೆ ಎದ್ದು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದ.