ಕಿಟಕಿಯಲ್ಲಿ ನಾಲ್ಕು ಹೆಸರು

ಹೊಸ ರೇಡಿಯೊಗಳಿಗೆ ಬೆರಳಗಲದ ಕಿಟಕಿಯೊಂದಿರುತ್ತದೆ. ಹಾಡು ಬರುವಾಗ ಹಾಡಿದವರ ಹೆಸರು ಅದರಲ್ಲಿ ಹಸಿರು ಅಕ್ಷರವಾಗಿ ಸರಿದುಹೋಗುತ್ತದೆ. ಬಾನುಲಿ ಕೇಂದ್ರದಲ್ಲಿ ಕೂತು ಆ ಅಕ್ಷರಗಳನ್ನು ಟೈಪ್ ಮಾಡುವವಳು ನಾನು.

ನಾನು ಚಿಕ್ಕವಳಿದ್ದಾಗ ಅಮ್ಮ ಇದೇ ಕೇಂದ್ರದ ಕೋರಸ್‌ನಲ್ಲಿ ಹಾಡುತ್ತಿದ್ದಳು. ನಾಲ್ಕು ಹೆಂಗಸರಿಗೆ ಒಂದೇ ಮೈಕು. ಉದ್ಘೋಷಕ ಗಾಯಕನ ಹೆಸರನ್ನು ಬಾಯಿತುಂಬ ಹೇಳಿ, "ಮತ್ತು ಸಂಗಡಿಗರು" ಎಂದು ಕೈತೊಳೆದುಕೊಳ್ಳುತ್ತಿದ್ದ. ಹಾಡಿನ ಅರ್ಧ ಭಾರ ಹೊತ್ತವರಿಗೆ ಸಿಕ್ಕಿದ್ದು ಎರಡೇ ಪದ! ಅಡುಗೆಮನೆಯ ಮರದ ರೇಡಿಯೊದಲ್ಲಿ ಆ ಹಾಡು ಬಂದರೆ ಅಮ್ಮ ಸೌಟು ಹಿಡಿದ ಕೈಯಲ್ಲೇ ಬೆರಳೆತ್ತಿ, "ಹಾಂ, ಈ ದನಿ ಇದೆಯಲ್ಲ, ನಂದು" ಎನ್ನುತ್ತಿದ್ದಳು. ನಮಗೆಂದೂ ಬೇರೆಯಾಗಿ ಕೇಳಿಸಲಿಲ್ಲ, ಆದರೂ ಹೂಂಗುಟ್ಟುತ್ತಿದ್ದೆವು. "ಸಂಗಡಿಗರೇ, ಚಹಾ ಆಯ್ತಾ?" ಎಂದು ಅಪ್ಪ ಅಣಕಿಸಿದರೆ ಅವಳ ಮುಖ ಇಷ್ಟು ಚಿಕ್ಕದಾಗುತ್ತಿತ್ತು.

ಮೊನ್ನೆ ಅದೇ ಹಾಡಿನ ಟೇಪು ನನ್ನ ಮೇಜಿಗೆ ಬಂತು. ಡಬ್ಬಿಯ ಮೇಲೆ ಗಾಯಕನ ಹೆಸರು, ಮತ್ತು ಸಂಗಡಿಗರು. ಸಂಗಡಿಗರನ್ನು ಅಳಿಸಿ ಅಮ್ಮನ ಹೆಸರು ಹೊಡೆದೆ. ಹೊಸ ರೇಡಿಯೊ ಕೊಂಡು, ಭಾನುವಾರ ಆ ಹಾಡು ಬರುವ ಹೊತ್ತಿಗೆ ಅವಳೆದುರು ಇಟ್ಟೆ.

ಅಮ್ಮ ಕನ್ನಡಕ ಏರಿಸಿ, ತನ್ನ ಹೆಸರು ಸರಿದುಹೋಗುವುದನ್ನು ಎರಡು ಸಲ ನೋಡಿದಳು.

"ಉಳಿದ ಮೂವರು ಎಲ್ಲಿ?"

"ಡಬ್ಬಿ ಮೇಲೆ ಇರ್ಲಿಲ್ಲಮ್ಮ."

"ನಂದಿತ್ತಾ?"

ನಾನು ರೇಡಿಯೊದ ಸದ್ದು ತಗ್ಗಿಸಿದೆ.

"ಅವತ್ತು ನಾಲ್ವರನ್ನ ಆ ಗಾಯಕನೊಬ್ಬ ನುಂಗಿದ. ಇವತ್ತು ಮೂವರನ್ನ ನನ್ ಕೈಲಿ ನುಂಗಿಸಿದ್ಯಲ್ಲೇ, ಮಹಾತಾಯಿ! ತಗೋ, ಬರ್ಕೋ."

ಬೆರಳು ಮಡಚುತ್ತ ಎರಡು ಹೆಸರು ಹೇಳಿದಳು. ಮೂರನೆಯದಕ್ಕೆ ತಡವರಿಸಿದಳು. "ಅವಳನ್ನ ಗುಬ್ಬಿ ಅಂತಿದ್ವಿ. ನಿಜವಾದ ಹೆಸರು... ಛೇ, ಯಾರೂ ಕೇಳ್ಲೇ ಇಲ್ಲ ಕಣೇ. ನಾನೂ ಕೇಳ್ಲಿಲ್ಲ."

"ಗುಬ್ಬಿ ಅಂತ ಹಾಕಿದ್ರೆ ನಮ್ ಕೇಂದ್ರದ ಸಾಹೇಬ್ರು ಬೈತಾರೆ."

"ಬೈಲಿ ಬಿಡು. ಬೈದ ಮೇಲೆ ಅವರೇ ಹುಡುಕ್ಕೊಡ್ಲಿ."

ಸೋಮವಾರ ಗಾಯಕನ ಹೆಸರಿನ ಪಕ್ಕ ನಾಲ್ಕೂ ಹೆಸರು ಹೊಡೆದೆ. ಸಾಹೇಬರು ಹಣೆ ಗಂಟಿಕ್ಕಿದರು. "ಗುಬ್ಬಿ ಯಾರ್ರೀ?"

"ಹಾಡಿದವರು ಸಾರ್. ಸರಿಯಾದ ಹೆಸರು ಹಳೇ ಕಡತದಲ್ಲಿದ್ರೆ ಕೊಡಿ, ತಿದ್ತೀನಿ."

ಕಡತ ತರುತ್ತೇನೆಂದು ಹೋದವರು ಇನ್ನೂ ತಂದಿಲ್ಲ.

ಮುಂದಿನ ಭಾನುವಾರ ಕೇಳುಗರ ಕೋರಿಕೆಯ ಮೇಲೆ ಆ ಹಾಡು ಮತ್ತೆ ಬಂತು. ಕಿಟಕಿಯಲ್ಲಿ ಹೆಸರುಗಳು ಒಂದರ ಹಿಂದೊಂದು ನಡೆದವು. ಅಮ್ಮ ಥಟ್ಟನೆ ಬೆರಳೆತ್ತಿದಳು.

"ಹಾಂ, ಈ ದನಿ!"

"ನಿಂದಾ?"

"ಅಲ್ಲ ಕಣೇ," ಎಂದಳು, ಕಣ್ಣು ಒರೆಸಿಕೊಳ್ಳುತ್ತ. "ಗುಬ್ಬೀದು."