ಮೂರನೆಯ ಫಸಲಿಗೆ ಬಂದ ಹೆಸರು

ಶಾಮಲಮ್ಮನವರು ಯಾವುದನ್ನೂ ಮೊದಲ ನೋಟಕ್ಕೇ ಹೆಸರು ಹಿಡಿದು ಕರೆದವರಲ್ಲ. ಶ್ರೀನಿವಾಸಪುರದ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದ ಚೈತನ್ಯ, ಶಾಮಲಮ್ಮನವರ ಬಾಯಲ್ಲಿ ಮೂರು ವರ್ಷ ‘ಹೊಸ ಮೇಷ್ಟ್ರು’ ಆಗಿಯೇ ಉಳಿದರು. ಗೇಟಿನ ಬಳಿ ಮಲಗುವ ನಾಯಿಗೆ ಮಕ್ಕಳಿಟ್ಟ ನಾಲ್ಕು ಹೆಸರುಗಳಲ್ಲಿ ಒಂದನ್ನೂ ಅವರು ಒಪ್ಪಿಲ್ಲ. ಮೇ ತಿಂಗಳ ಸೆಕೆಯಲ್ಲೂ ಮಾಸಲು ಕೆಂಪಿನ ಸ್ವೆಟರ್ ತೊಟ್ಟು, ನೆಲ ಗಟ್ಟಿಯಿದೆಯೇ ಎಂದು ವಿಚಾರಿಸುವವರಂತೆ ಹೆಜ್ಜೆಯಿಡುವ ಈ ಗಣಿತದ ಉಪನ್ಯಾಸಕಿ, ಯೋಚನೆಗೆ ಬಿದ್ದರೆ ಕೈಗೆ ಸಿಕ್ಕ ವಸ್ತುವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ, ಮಾವಿನಹಣ್ಣಿನ ಹದ ನೋಡುವಂತೆ.

ಆ ಬೆರಳು ತಂದೆಯಿಂದ ಬಂದದ್ದು. ಬೈರಕೂರಿನ ವೆಂಕಟರಾಯಪ್ಪನವರ ತೋಪಿನಲ್ಲಿ ಕಸಿ ಗಿಡಗಳಿಗೆ ಹುಟ್ಟಿನಿಂದಲೇ ಹೆಸರು: ಬಾದಾಮಿ, ರಸಪುರಿ, ಮಲ್ಲಿಕಾ. ತಿಂದೆಸೆದ ವಾಟೆಯಿಂದ ತಾನಾಗಿ ಎದ್ದ ಮರಕ್ಕೆ ಮಾತ್ರ, ಮೂರು ಫಸಲಿನ ರುಚಿ ನೋಡುವವರೆಗೆ ಹೆಸರಿಲ್ಲ. “ಮೊದಲ್ನೇ ವರ್ಷದ ಹಣ್ಣಲ್ಲಿ ಮಳೆ ಮಾತಾಡ್ತದೆ ಕಣಮ್ಮ. ಮರ ಮಾತಾಡೋಕೆ ಟೈಮ್ ಕೊಡು” ಎನ್ನುತ್ತಿದ್ದರು ಅವರು.

ದಿನಾ ಬೆಳಗ್ಗೆ ತರಗತಿಗೆ ಮುಂಚೆ ಶಾಮಲಮ್ಮ ಕಾಲೇಜಿನ ತಣ್ಣನೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತು, ಹೊರದೇಶದ ದೂರದರ್ಶಕವೊಂದು ಎಲ್ಲರಿಗೂ ತೆರೆದಿಟ್ಟ ಆಕಾಶದ ಚಿತ್ರಗಳನ್ನು ಒಂದಾದ ಮೇಲೊಂದು ಹೊರಳಿಸುತ್ತಾರೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಅಲುಗಿದ್ದು ನಮ್ಮ ಸೂರ್ಯನ ಮನೆಯದು. ಕೆಲವು ವರ್ಷಗಳ ಹಿಂದೆ ಹಾಗೆ ಅಲುಗಿದ ಒಂದು ಚುಕ್ಕಿ, ನೆಪ್ಚೂನಿನಾಚೆಯದು ಎನ್ನುವಷ್ಟು ನಿಧಾನವಾಗಿತ್ತು. ಆರು ವಾರದ ಅಳತೆಯ ಮೇಲೆ ಅದಕ್ಕೆ ಅಕ್ಷರ, ಅಂಕಿಗಳ ತಾತ್ಕಾಲಿಕ ಗುರುತು ಸಿಕ್ಕಿತು; ಲೆಕ್ಕ ಹಾಕಿದ ಪಂಡಿತರು ಅದನ್ನು ಕಟ್ಟುಪಾಡಿಲ್ಲದೆ ಅಲೆಯುವ ‘ಚದುರಿದ’ ಕಾಯಗಳ ವರ್ಗಕ್ಕೆ ಸೇರಿಸಿದರು. ಪ್ರಾಂಶುಪಾಲ ಮುನಿಕೃಷ್ಣಪ್ಪನವರು ಅಂದೇ ‘ಶಾಮಲಾ ಗ್ರಹ’ ಎಂದು ಬೋರ್ಡು ಬರೆಸಿಬಿಟ್ಟರು.

“ಬಣ್ಣ ಕೂಡ ಒಣಗಿದೆ ಕಣಮ್ಮಾ” ಎಂದರು.

“ಅದು ಗ್ರಹ ಅಲ್ಲ ಸಾರ್. ಕಂಡುಹಿಡಿದವರು ತಮ್ಮ ಹೆಸರನ್ನೇ ಇಡೋಹಾಗೂ ಇಲ್ಲ. ಅಲ್ಲದೆ, ಇನ್ನೂ ಒಂದೇ ಫಸಲು.”

ಬೋರ್ಡು ಗೋಡೆಗೆ ಮುಖ ಮಾಡಿ ಕೂತಿತು.

ಮರುವರ್ಷ ಲೆಕ್ಕ ತೋರಿಸಿದ ಜಾಗದಲ್ಲಿ ಚುಕ್ಕಿ ಇರಲಿಲ್ಲ. ಮತ್ತೆ ಸಿಗದಿದ್ದರೆ ಅದು ಇದ್ದದ್ದೇ ಸಂಶಯವಾಗಿ, ಅವರ ಅಷ್ಟು ಬೆಳಗುಗಳೂ ಕಣ್ಣಿನ ಭ್ರಮೆ ಎನಿಸಿಕೊಳ್ಳುತ್ತಿದ್ದವು. ಅವರ ಬೈರಕೂರಿನವನೇ ಆದ ಜವಾನ ದೊಡ್ಡಮುನಿಯಪ್ಪನೂ ಬಿಡಲಿಲ್ಲ.

“ಏನಮ್ಮೋ, ನಿಮ್ ಚುಕ್ಕಿ ಊರು ಬಿಟ್ಟೋಯ್ತಂತೆ?”

“ಕೆರೆ ತುಂಬಿದಾಗ ನಮ್ಮೂರ ದೇವರು ತೂಬಿನಮ್ಮ ಎಲ್ಲಿಗೆ ಹೋಗ್ತಾಳೆ ಮುನಿಯಪ್ಪ?”

“ಎಲ್ಲಿಗೋಗ್ತಾಳೆ, ನೀರಡೀನೇ ಅವ್ಳೆ.”

“ಇದೂ ಅಷ್ಟೇ. ನಾವು ಹುಡುಕೋ ಕಡೆ ಸರಿಯಿಲ್ಲ.”

ಅವರು ಅನುಮಾನಿಸಿದ್ದು ಚುಕ್ಕಿಯನ್ನಲ್ಲ, ಅದಕ್ಕೆ ಹಚ್ಚಿದ ವರ್ಗವನ್ನು. ಆರು ವಾರದ ತುಂಡುಹಾದಿಯನ್ನು ಹತ್ತಾರು ಬಗೆಯಲ್ಲಿ ಮುಂದುವರಿಸಬಹುದು. ಒಂದೊಂದು ಬಗೆಗೂ ಬೇರೆ ಲೆಕ್ಕ ಹಾಕಿ, ಹಿಂದಿನ ವರ್ಷಗಳ ಚಿತ್ರಗಳಲ್ಲಿ ಅದು ಎಲ್ಲಿರಬೇಕಿತ್ತೆಂದು ಎರಡು ವರ್ಷ ಹುಡುಕಿದರು. ಕೊನೆಗೊಂದು ಬೆಳಗ್ಗೆ, ಏಳು ವರ್ಷ ಹಳೆಯ ಚಿತ್ರದಲ್ಲಿ ಅದು ಸಿಕ್ಕಿತು. ಅದೇ ಹಾದಿ ಹಿಡಿದು ಮುಂದೆ ಹೋದಾಗ, ಹುಡುಕುತ್ತಿದ್ದ ವರ್ಷದ ಹೊಸ ಚಿತ್ರದಲ್ಲೂ ಸಿಕ್ಕಿತು. ಮೊದಲು ಕಂಡದ್ದೂ ಸೇರಿ ಮೂರು ಫಸಲು. ಹೆಬ್ಬೆರಳು ಪರದೆಯನ್ನು ಮೆಲ್ಲಗೆ ಒತ್ತಿತು.

ಪಂಡಿತರು ವರ್ಗ ತಿದ್ದಿದರು. ನೆಪ್ಚೂನ್ ಸೂರ್ಯನನ್ನು ಮೂರು ಸುತ್ತು ಸುತ್ತುವಷ್ಟರಲ್ಲಿ ತಪ್ಪದೆ ಎರಡು ಸುತ್ತು ಮುಗಿಸುವ ಕಾಯ ಅದು, ಪ್ಲೂಟೋವಿನ ಸ್ವಂತ ಕುಲ. ಶಾಶ್ವತ ಸಂಖ್ಯೆ ಬಂತು, ಹೆಸರು ಸೂಚಿಸುವ ಹಕ್ಕೂ ಬಂತು. ಆ ಕುಲಕ್ಕೆ ಪಾತಾಳದ ದೇವತೆಗಳ ಹೆಸರಿಡುವುದು ಪದ್ಧತಿ. ಮೊದಲು ಹಚ್ಚಿದ ವರ್ಗವನ್ನೇ ನಂಬಿ ಅವಸರಪಟ್ಟಿದ್ದರೆ ಹೆಸರು ಬೇರೆ ಮನೆಯದಾಗುತ್ತಿತ್ತು. ಶಾಮಲಮ್ಮ ಎರಡೇ ಸಾಲು ಬರೆದು ಕಳಿಸಿದರು: ನಮ್ಮೂರ ಕೆರೆಯ ತಳದಲ್ಲಿ, ತೂಬಿನ ಪಕ್ಕ ಒಬ್ಬಳು ದೇವತೆಯಿದ್ದಾಳೆ. ನೀರಿಳಿದ ವರ್ಷ ಮಾತ್ರ ಕಾಣುತ್ತಾಳೆ, ಪೂಜೆ ಪ್ರತಿವರ್ಷವೂ ನಡೆಯುತ್ತದೆ.

ಈ ವರ್ಷ ಒಪ್ಪಿಗೆ ಬಂತು. ಪ್ರಾಂಶುಪಾಲರು ಹಳೆಯ ಬೋರ್ಡನ್ನೇ ತಿರುಗಿಸಿ ‘ತೂಬಿನಮ್ಮ’ ಎಂದು ಹೊಸದಾಗಿ ಬರೆಸಿದರು. ದೊಡ್ಡಮುನಿಯಪ್ಪ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತ.

“ನಮ್ಮಮ್ಮ ಅಷ್ಟು ದೂರ ಎಂಗೋದ್ಲಮ್ಮ?”

“ಮೊದಲಿಂದ ಅಲ್ಲೇ ಇದ್ಲು, ಮುನಿಯಪ್ಪ.”

ಗೇಟಿನ ನಾಯಿಗೆ ಇನ್ನೂ ಹೆಸರಾಗಿಲ್ಲ. ಇಂಥವರ ತಾಳ್ಮೆಯನ್ನು ನಾವು ಹಿಂಜರಿಕೆಯೆಂದು ಬಗೆದು, ಅವರು ಬಾಯಿ ತೆರೆಯುವ ಮುನ್ನವೇ ಲೋಕಕ್ಕೆಲ್ಲ ಚೀಟಿ ಅಂಟಿಸಿ ಮುಗಿಸಿರುತ್ತೇವೆ. ನಮ್ಮ ಚೀಟಿಗಳು ಒಂದೇ ಮಳೆಗೆ ತೊಳೆದುಹೋಗುತ್ತವೆ. ಅವರು ತಡವಾಗಿ ಉಚ್ಚರಿಸಿದ ಒಂದು ಹೆಸರು, ಕೆರೆ ತುಂಬಿದರೂ ಬತ್ತಿದರೂ, ಸೂರ್ಯನನ್ನು ಸುತ್ತುತ್ತಲೇ ಇರುತ್ತದೆ.